ಟೂರ್ನಮೆಂಟಿನಲ್ಲಿ ಹನ್ನೆರಡು ಬಿಗ್ ಬ್ಲೈಂಡ್ ಉಳಿದಾಗ: ಕಾಯುವುದೇ, ನುಗ್ಗುವುದೇ?

ಅಂಚಿನ_ಆಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೋಕರ್ ಆಟದ ಒಂದು ಬಗೆಯಾದ ನೋ-ಲಿಮಿಟ್ ಹೋಲ್ಡೆಮ್ ಟೂರ್ನಮೆಂಟುಗಳ ಮೊದಲ ಅರ್ಧದಲ್ಲಿ ನನ್ನ ಆಟ ಒಂದು ಹದದಲ್ಲಿ ಸಾಗುತ್ತದೆ. ಬ್ಲೈಂಡುಗಳು (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಹಾಕಬೇಕಾದ ಕಡ್ಡಾಯ ಪಣಗಳು: ಚಿಕ್ಕದು ಸ್ಮಾಲ್ ಬ್ಲೈಂಡ್, ದೊಡ್ಡದು ಬಿಗ್ ಬ್ಲೈಂಡ್) ಏರಿ, ನನ್ನ ಸ್ಟ್ಯಾಕ್, ಅಂದರೆ ನನ್ನ ಬಳಿಯ ಒಟ್ಟು ಚಿಪ್, ಹದಿನೈದು ಬಿಗ್ ಬ್ಲೈಂಡಿಗಿಂತ ಕೆಳಕ್ಕೆ ಇಳಿದ ಮೇಲೆ ಯಾವ ಎಲೆಗೆ ಏನು ಮಾಡಬೇಕೆಂದು ತೋಚದಂತಾಗುತ್ತದೆ. ಸದ್ಯ ನಾನು ಅನುಸರಿಸುತ್ತಿರುವ ಕ್ರಮ ಬಹಳ ಸರಳವಾದದ್ದು: ದೊಡ್ಡ ಜೋಡಿಯೋ ಎಕ್ಕ-ರಾಜವೋ ಬರುವವರೆಗೆ ಕಾಯುವುದು, ಬಂದ ಕೂಡಲೇ ಇರುವುದೆಲ್ಲವನ್ನೂ ಮುಂದಿಡುವುದು. ಈ ಕ್ರಮಕ್ಕೆ ಏನಾದರೂ ಆಧಾರವಿದೆಯೇ ಎಂಬುದು ನನ್ನ ಮೂಲ ಪ್ರಶ್ನೆ.

ಚರ್ಚೆಗೆ ಅನುಕೂಲವಾಗಲೆಂದು ಒಂದು ನಿರ್ದಿಷ್ಟ ಸನ್ನಿವೇಶವನ್ನು ಇಡುತ್ತೇನೆ. ಒಂಬತ್ತು ಜನರ ಮೇಜು. ಬ್ಲೈಂಡುಗಳು 1,000 ಮತ್ತು 2,000. ಬಿಗ್ ಬ್ಲೈಂಡಿನಲ್ಲಿ ಕುಳಿತವರು ಇಡೀ ಮೇಜಿನ ಪರವಾಗಿ 2,000 ಆ್ಯಂಟಿ (ಬ್ಲೈಂಡಿನ ಜೊತೆಗೆ ಕಟ್ಟುವ ಇನ್ನೊಂದು ಕಡ್ಡಾಯ ಪಣ) ಹಾಕುವ ಪದ್ಧತಿ. ನನ್ನ ಬಳಿ 24,000 ಇದೆ, ಅಂದರೆ ಸರಿಯಾಗಿ ಹನ್ನೆರಡು ಬಿಬಿ (ಬಿಗ್ ಬ್ಲೈಂಡ್). ನಾನು ಕಟಾಫ್‌ನಲ್ಲಿದ್ದೇನೆ, ಅಂದರೆ ನನ್ನ ನಂತರ ಆಡುವುದು ಬಟನ್ ಎಂಬ ಆಸನದವರು ಮತ್ತು ಎರಡು ಬ್ಲೈಂಡಿನವರು ಮಾತ್ರ, ನನಗಿಂತ ಮೊದಲಿನವರೆಲ್ಲರೂ ಎಲೆ ಬಿಟ್ಟಿದ್ದಾರೆ, ನನ್ನ ಕೈಯಲ್ಲಿ ಬೇರೆ ಬೇರೆ ಸೂಟಿನ ಎಕ್ಕ ಮತ್ತು ಎಂಟು ಇವೆ. ಬಟನ್‌ನವರ ಬಳಿ 60,000, ಸ್ಮಾಲ್ ಬ್ಲೈಂಡಿನವರ ಬಳಿ 30,000, ಬಿಗ್ ಬ್ಲೈಂಡಿನವರ ಬಳಿ 45,000. ಬಹುಮಾನದ ಸ್ಥಾನಗಳು ಇನ್ನೂ ಸಾಕಷ್ಟು ದೂರದಲ್ಲಿವೆ. ಇಲ್ಲಿ ಎಲೆ ಬಿಡುವುದು ಸರಿಯೇ, 4,400ಕ್ಕೆ ಸಣ್ಣದಾಗಿ ರೈಸ್ ಮಾಡಿ (ಪಣ ಏರಿಸಿ) ಯಾರಾದರೂ ಆಲ್-ಇನ್ ಹೋದರೆ (ತಮ್ಮಲ್ಲಿರುವುದೆಲ್ಲವನ್ನೂ ಇಟ್ಟರೆ) ಬಿಟ್ಟುಬಿಡುವುದು ಸರಿಯೇ, ಅಥವಾ ನೇರವಾಗಿ ಆಲ್-ಇನ್ ಹೋಗುವುದು ಸರಿಯೇ? ಇಂಥ ಸನ್ನಿವೇಶಗಳಿಗೆ ಸಿದ್ಧಪಟ್ಟಿಗಳು ಸಿಗುತ್ತವೆಂಬುದು ಗೊತ್ತು. ಆದರೆ ಪಟ್ಟಿಯ ಹಿಂದಿನ ಕಾರಣ ತಿಳಿಯದೆ ಅದನ್ನು ಬಾಯಿಪಾಠ ಮಾಡುವುದರಲ್ಲಿ ನನಗೆ ನಂಬಿಕೆಯಿಲ್ಲ.

ಲೆಕ್ಕದ_ಎಲೆ

ಎಲೆ ಬಿಟ್ಟು ಕುಳಿತರೆ ಖರ್ಚೇನೂ ಇಲ್ಲ ಎಂಬ ಭಾವನೆಯ ಮೇಲೆ ನಿಮ್ಮ ಕ್ರಮ ನಿಂತಿರುವಂತೆ ಕಾಣುತ್ತದೆ. ಆದ್ದರಿಂದ ಮೊದಲು ಆ ಖರ್ಚನ್ನೇ ಲೆಕ್ಕ ಹಾಕೋಣ. ಐವತ್ತೆರಡು ಎಲೆಗಳ ಕಟ್ಟಿನಿಂದ ಎರಡೆಲೆಯ ಕೈ 1,326 ಬಗೆಗಳಲ್ಲಿ ಬರಬಹುದು. ಎಕ್ಕದ ಜೋಡಿ, ರಾಜನ ಜೋಡಿ, ರಾಣಿಯ ಜೋಡಿ ತಲಾ ಆರು ಬಗೆ, ಎಕ್ಕ-ರಾಜ ಹದಿನಾರು ಬಗೆ, ಒಟ್ಟು 34. ಅಂದರೆ ನೀವು ಕಾಯುತ್ತಿರುವ ಎಲೆ ಸರಾಸರಿ 39 ಕೈಗಳಿಗೊಮ್ಮೆ ಬರುತ್ತದೆ, ಒಂಬತ್ತು ಜನರ ಮೇಜಿನಲ್ಲಿ ಅದು ನಾಲ್ಕು ಸುತ್ತುಗಳಿಗಿಂತ ಹೆಚ್ಚು. ಪ್ರತಿ ಸುತ್ತಿನಲ್ಲಿಯೂ ನೀವು ಎರಡು ಬ್ಲೈಂಡು ಮತ್ತು ಒಂದು ಆ್ಯಂಟಿ ಸೇರಿ 5,000 ಕಟ್ಟುತ್ತೀರಿ. ನಾಲ್ಕು ಸುತ್ತಿಗೆ 20,000. ನಿಮ್ಮ ಬಳಿ ಇರುವುದೇ 24,000. ಈ ನಡುವೆ ಬ್ಲೈಂಡುಗಳು 1,500 ಮತ್ತು 3,000ಕ್ಕೆ ಏರಿದರೆ, ಒಂದು ಚಿಪ್ ಕೂಡ ಕಳೆದುಕೊಳ್ಳದೆಯೇ ನಿಮ್ಮ ಹನ್ನೆರಡು ಬಿಬಿ ಎಂಟಾಗುತ್ತದೆ.

ಇನ್ನು, ಐದು ಬಿಬಿಗೆ ಇಳಿದಾಗ ನಿಮಗೆ ರಾಜನ ಜೋಡಿ ಬಂದಿತೆಂದುಕೊಳ್ಳಿ. ಒಬ್ಬರು ಕಾಲ್ ಮಾಡಿ (ನಿಮ್ಮಷ್ಟೇ ಪಣ ಇಟ್ಟು ಎದುರಿಸಿ) ನೀವು ಗೆದ್ದರೆ, ಅವರ ಐದು, ನಿಮ್ಮ ಐದು, ಮೇಜಿನ ಮೇಲೆ ಬಿದ್ದಿರುವ ಬ್ಲೈಂಡು ಮತ್ತು ಆ್ಯಂಟಿ ಸೇರಿ ನಿಮ್ಮ ಸ್ಟ್ಯಾಕ್ ಹನ್ನೆರಡರ ಆಸುಪಾಸಿಗೆ ಬರುತ್ತದೆ. ಅಷ್ಟೆಲ್ಲ ಕಾದು, ಒಳ್ಳೆಯ ಎಲೆಯೂ ಬಂದು, ಗೆದ್ದೂ ಆದ ಮೇಲೆ ನೀವು ತಲುಪುವುದು ಈಗ ನಿಂತಿರುವ ಜಾಗವನ್ನೇ.

ಈಗ ನಿಮ್ಮ ಎಕ್ಕ-ಎಂಟಕ್ಕೆ ಬರೋಣ. ಸಣ್ಣ ಸ್ಟ್ಯಾಕಿನ ಆಟದಲ್ಲಿ ಎರಡು ಆದಾಯಗಳಿವೆ: ಎಲೆ ತೋರಿಸಿ ಗೆಲ್ಲುವುದು ಒಂದು, ಎದುರಿನವರು ಎಲೆ ಬಿಟ್ಟಾಗ ಪಾಟನ್ನು, ಅಂದರೆ ಮೇಜಿನ ಮೇಲೆ ಸೇರಿರುವ ಒಟ್ಟು ಪಣವನ್ನು, ಹಾಗೆಯೇ ಎತ್ತಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಫೋಲ್ಡ್ ಈಕ್ವಿಟಿ ಎನ್ನುತ್ತಾರೆ, ಮತ್ತು ಕಾದು ಕುಳಿತವರು ಕಳೆದುಕೊಳ್ಳುವುದು ಮುಖ್ಯವಾಗಿ ಅದನ್ನೇ. ನಿಮ್ಮ ಹಿಂದೆ ಮೂವರಿದ್ದಾರೆ. ಅವರಲ್ಲಿ ಪ್ರತಿಯೊಬ್ಬರೂ ಐದರ ಜೋಡಿ ಮತ್ತು ಅದಕ್ಕಿಂತ ದೊಡ್ಡ ಜೋಡಿಗಳು, ಎಕ್ಕ-ಒಂಬತ್ತು ಮತ್ತು ಅದಕ್ಕಿಂತ ಮೇಲಿನ ಎಕ್ಕಗಳು, ರಾಜ-ರಾಣಿ, ಇಷ್ಟಕ್ಕೆ ಕಾಲ್ ಮಾಡುತ್ತಾರೆಂದು ಭಾವಿಸೋಣ. ನಿಮ್ಮ ಕೈಯಲ್ಲಿಯೇ ಒಂದು ಎಕ್ಕ ಇರುವುದರಿಂದ ಅವರಿಗೆ ಅಂಥ ಕೈಗಳು ಬರುವ ಬಗೆಗಳು ಕಡಿಮೆಯಾಗುತ್ತವೆ. ಒಬ್ಬೊಬ್ಬರಿಗೆ ಸುಮಾರು ಶೇಕಡಾ 10.6ರಷ್ಟು ಸಾಧ್ಯತೆ ಮಾತ್ರ. ಮೂವರೂ ಎಲೆ ಬಿಡುವ ಸಾಧ್ಯತೆ ಶೇಕಡಾ 71. ಹಾಗಾದಾಗಲೆಲ್ಲ ಎರಡೂವರೆ ಬಿಬಿ ನಿಮ್ಮದಾಗುತ್ತದೆ, ಅಂದರೆ ನಿಮ್ಮ ಸ್ಟ್ಯಾಕ್ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳೆಯುತ್ತದೆ. ಉಳಿದ ಶೇಕಡಾ 29ರಲ್ಲಿ ನೀವು ಹಿಂದೆ ಬಿದ್ದಿರುತ್ತೀರಿ, ಆದರೂ ಅಂಥ ಕೈಗಳೆದುರು ಎಕ್ಕ-ಎಂಟಕ್ಕೆ ಮೂರರಲ್ಲಿ ಒಂದು ಪಾಲು ಗೆಲುವಿದೆ. ಪಾಟ್ ಸುಮಾರು 26 ಬಿಬಿ ಆಗುವುದರಿಂದ ಅದರಲ್ಲಿ ನಿಮ್ಮ ಪಾಲು ಒಂಬತ್ತರ ಹತ್ತಿರ, ಹಾಕಿದ್ದು ಹನ್ನೆರಡು, ನಷ್ಟ ಮೂರು ಚಿಲ್ಲರೆ. ಎರಡನ್ನೂ ಕೂಡಿಸಿ ನೋಡಿದರೆ ಈ ಆಲ್-ಇನ್‌ನಿಂದ ಸರಾಸರಿ 0.9 ಬಿಬಿ ಲಾಭ. ಎಲೆ ಬಿಟ್ಟರೆ ಲಾಭ ಸೊನ್ನೆ. ನನ್ನ ಮಟ್ಟಿಗೆ ಇಲ್ಲಿ ಸಂಶಯಕ್ಕೆ ಜಾಗವಿಲ್ಲ.

ಇದೇ ಎಲೆ ನಿಮಗೆ ಮೊದಲ ಸ್ಥಾನದಲ್ಲಿ, ಎಂಟು ಜನ ಹಿಂದಿರುವಾಗ ಬಂದರೆ ಮಾತು ಬೇರೆ. ಎಲ್ಲರೂ ಅದೇ ಕೈಗಳಿಗೆ ಕಾಲ್ ಮಾಡುವವರಾದರೆ ಎಂಟೂ ಜನ ಬಿಡುವ ಸಾಧ್ಯತೆ ಶೇಕಡಾ 41ಕ್ಕೆ ಕುಸಿಯುತ್ತದೆ, ಮತ್ತು ಲೆಕ್ಕ ನಷ್ಟಕ್ಕೆ ತಿರುಗುತ್ತದೆ. ಎಲೆಯ ಬೆಲೆಯನ್ನು ಎಲೆಯೊಂದೇ ನಿರ್ಧರಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹಾಗಾದರೆ ಹನ್ನೆರಡಕ್ಕೇ ಏಕೆ, ಇಪ್ಪತ್ತಕ್ಕೆ ಏಕಲ್ಲ, ನಾಲ್ಕಕ್ಕೆ ಏಕಲ್ಲ ಎಂದು ನೀವು ಕೇಳಬಹುದು. ಕಾಲ್ ಬಂದಾಗ ಶೇಕಡಾ 35 ಗೆಲ್ಲುವ ಒಂದು ಕೈಯನ್ನು ತೆಗೆದುಕೊಂಡು, ಕಾಲ್ ಮಾಡುವವರು ಬಿಗ್ ಬ್ಲೈಂಡಿನವರು ಎಂದಿಟ್ಟುಕೊಳ್ಳಿ. ಇಪ್ಪತ್ತು ಬಿಬಿಯನ್ನು ಮುಂದಿಟ್ಟರೆ, ಬರೀ ನಷ್ಟವಾಗದಿರಬೇಕಾದರೂ ಎದುರಿನವರು ನೂರಕ್ಕೆ 69 ಸಲ ಎಲೆ ಬಿಡಬೇಕು. ಹತ್ತು ಬಿಬಿಗೆ 50 ಸಲ ಬಿಟ್ಟರೆ ಸಾಕು. ನಾಲ್ಕು ಬಿಬಿಗೆ 21 ಸಲ ಸಾಕು. ಹಾಗೆಂದು ನಾಲ್ಕೇ ಲೇಸು ಎಂದುಕೊಂಡರೆ ಎದುರಿನವರ ಕಡೆಯ ಲೆಕ್ಕ ಮರೆತಂತೆ. ನೀವು ಹತ್ತು ಬಿಬಿ ಇಟ್ಟಾಗ ಬಿಗ್ ಬ್ಲೈಂಡಿನವರು ಇನ್ನೂ ಒಂಬತ್ತು ಸೇರಿಸಬೇಕು, ಅದಕ್ಕೆ ಅವರ ಕೈ ಶೇಕಡಾ 42ರಷ್ಟಾದರೂ ಗೆಲ್ಲುವಂತಿರಬೇಕು. ನಾಲ್ಕು ಇಟ್ಟಾಗ ಅವರು ಸೇರಿಸಬೇಕಾದದ್ದು ಮೂರು ಮಾತ್ರ, ಶೇಕಡಾ 32 ಇದ್ದರೆ ಸಾಕು, ಮತ್ತು ಅಷ್ಟು ಗೆಲುವು ಕಸದಂಥ ಎಲೆಗೂ ಇರುತ್ತದೆ. ಆದ್ದರಿಂದ ಅವರು ಬಿಡುವುದೇ ಇಲ್ಲ. ನಿಮ್ಮ ಬೆದರಿಕೆಗೆ ತೂಕವಿರುವುದು ಎಂಟರಿಂದ ಹದಿನೈದರ ನಡುವೆ; ನೀವು ಕಾದು ವ್ಯಯಿಸುತ್ತಿರುವುದು ಆ ಅವಧಿಯನ್ನೇ.

ಸಣ್ಣ ರೈಸ್ ಮಾಡಿ ಬಿಟ್ಟುಬಿಡುವ ಯೋಚನೆಯ ಬಗ್ಗೆ ಒಂದು ಮಾತು. ಎಂಟು ಬಿಬಿ ಇರುವವರು 2.2ಕ್ಕೆ ರೈಸ್ ಮಾಡಿ, ಬಿಗ್ ಬ್ಲೈಂಡಿನವರು ಆಲ್-ಇನ್ ಹೋದರೆ, 5.8 ಸೇರಿಸಿ 11.7 ಗೆಲ್ಲುವ ಅವಕಾಶ ಎದುರಿಗಿರುತ್ತದೆ. ಮೂರರಲ್ಲೊಂದು ಸಲ ಗೆಲ್ಲುವ ಎಲೆಗೂ ಅದನ್ನು ಬಿಡಬಾರದು. ಬಿಡಲಾಗದ ಪಾಟಿಗೆ ಅರ್ಧ ಹೆಜ್ಜೆ ಇಡುವುದಕ್ಕಿಂತ ಮೊದಲೇ ಎಲ್ಲವನ್ನೂ ಇಟ್ಟು, ಅವರು ಎಲೆ ಬಿಡುವ ಸಾಧ್ಯತೆಯನ್ನು ನಿಮ್ಮ ಕಡೆಗೆ ಉಳಿಸಿಕೊಳ್ಳುವುದು ಮೇಲು. ಹದಿನೈದು, ಹದಿನೆಂಟು ಬಿಬಿ ಇದ್ದಾಗ ಸಣ್ಣ ರೈಸಿಗೆ ಅರ್ಥ ಬರುತ್ತದೆ. ಹನ್ನೆರಡು ಗಡಿಯ ಮೇಲಿದೆ. ನಾನಾದರೆ ಅಲ್ಲಿ ಎಕ್ಕ-ಎಂಟನ್ನು ಸಣ್ಣದಾಗಿ ತೆರೆಯುವುದಿಲ್ಲ.

ನಿಧಾನಿ

ಲೆಕ್ಕದ_ಎಲೆ ಅವರ ಅಂಕಿಗಳಲ್ಲಿ ನನಗೆ ತಕರಾರಿಲ್ಲ, ಪ್ರಶ್ನೆಯಲ್ಲಿ ಕೊಟ್ಟಿರುವ ಸನ್ನಿವೇಶಕ್ಕೆ ಅವರ ಉತ್ತರವೂ ಸರಿಯೇ. ಆದರೆ ಬಹುಮಾನದ ಸ್ಥಾನಗಳು ಹತ್ತಿರವಾದಂತೆ ಆ ಲೆಕ್ಕವನ್ನು ಹಾಗೆಯೇ ಒಯ್ಯಲಾಗದು ಎಂಬುದನ್ನು ಹೇಳದೆ ಬಿಟ್ಟರೆ ಪ್ರಶ್ನೆ ಕೇಳಿದವರಿಗೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ಅವರು ಎಣಿಸಿದ್ದು ಚಿಪ್‌ಗಳನ್ನು. ಟೂರ್ನಮೆಂಟು ಕೊಡುವುದು ಸ್ಥಾನಕ್ಕೆ ತಕ್ಕ ಬಹುಮಾನವನ್ನು. ಈ ಎರಡರ ನಡುವಿನ ಪರಿವರ್ತನೆಗೆ ಐಸಿಎಂ ಎಂಬ ಮಾದರಿಯನ್ನು ಬಳಸುತ್ತಾರೆ. ಮೊದಲ ಸ್ಥಾನ ಸಿಗುವ ಸಾಧ್ಯತೆ ಒಬ್ಬೊಬ್ಬರ ಬಳಿಯಿರುವ ಚಿಪ್‌ಗಳ ಪ್ರಮಾಣದಲ್ಲಿರುತ್ತದೆ, ಆ ಸ್ಥಾನ ಪಡೆದವರನ್ನು ಬದಿಗಿಟ್ಟು ಉಳಿದವರ ನಡುವೆ ಎರಡನೆಯ ಸ್ಥಾನವನ್ನು ಅದೇ ರೀತಿ ಹಂಚಬೇಕು, ಮುಂದಕ್ಕೂ ಹಾಗೆಯೇ, ಎಂಬುದು ಅದರ ತಿರುಳು.

ಒಂದು ಚಿಕ್ಕ ಉದಾಹರಣೆ ಸಾಕು. ನಾಲ್ವರು ಉಳಿದಿದ್ದಾರೆ, ಬಹುಮಾನ ಮೂವರಿಗೆ. ಒಟ್ಟು ಮೊತ್ತದ 50, 30, 20 ಭಾಗಗಳು. ನಾಲ್ವರ ಬಳಿಯೂ ಸಮನಾದ ಚಿಪ್‌ಗಳಿವೆ, ಆದ್ದರಿಂದ ಒಬ್ಬೊಬ್ಬರ ಸ್ಥಿತಿಯ ಬೆಲೆ 25. ಈಗ ಒಬ್ಬರು ಆಲ್-ಇನ್ ಹೋಗುತ್ತಾರೆ, ನೀವು ಕಾಲ್ ಮಾಡಿ ಗೆಲ್ಲುತ್ತೀರಿ. ನಿಮ್ಮ ಚಿಪ್‌ಗಳು ಎರಡು ಪಟ್ಟಾದವು, ಮೂವರು ಉಳಿದರು. ಮೊದಲ ಸ್ಥಾನಕ್ಕೆ ನಿಮಗೆ ಎರಡರಲ್ಲೊಂದು ಅವಕಾಶ, ಎರಡನೆಯದಕ್ಕೆ ಮೂರರಲ್ಲೊಂದು, ಮೂರನೆಯದಕ್ಕೆ ಆರರಲ್ಲೊಂದು. ಕೂಡಿಸಿದರೆ ನಿಮ್ಮ ಸ್ಥಿತಿಯ ಬೆಲೆ 38.3. ಚಿಪ್ ಎರಡು ಪಟ್ಟಾದರೂ ಬೆಲೆ ಐವತ್ತಾಗಲಿಲ್ಲ. ಸೋತರೆ ಇಪ್ಪತ್ತೈದಕ್ಕೆ ಇಪ್ಪತ್ತೈದೂ ಹೋಯಿತು. ಬ್ಲೈಂಡುಗಳನ್ನು ಬದಿಗಿಟ್ಟು ನೋಡಿದರೆ, ಅಂಥ ಕಾಲ್ ಸಮಕ್ಕೆ ಬರಬೇಕಾದರೆ ನೀವು ನೂರಕ್ಕೆ 65 ಸಲ ಗೆಲ್ಲಬೇಕು. ಎದುರಿನವರು ಎಲೆಯನ್ನೇ ನೋಡದೆ ಆಲ್-ಇನ್ ಹೋಗಿದ್ದಾರೆಂದು ನಿಮಗೆ ಖಚಿತವಾಗಿ ಗೊತ್ತಿದ್ದರೂ ಎಕ್ಕ-ಎಂಟು ಗೆಲ್ಲುವುದು ನೂರಕ್ಕೆ 60ರ ಆಸುಪಾಸು. ಚಿಪ್‌ಗಳ ಲೆಕ್ಕದಲ್ಲಿ ಕಣ್ಣುಮುಚ್ಚಿ ಕಾಲ್ ಮಾಡಬೇಕಾದ ಎಲೆಯನ್ನು ಬಹುಮಾನದ ಲೆಕ್ಕದಲ್ಲಿ ಬಿಡಬೇಕಾಗುತ್ತದೆ.

ಇದರಿಂದ ಬಬಲ್‌ನಲ್ಲಿ (ಬಹುಮಾನದ ಸ್ಥಾನಗಳಿಗೆ ತುಸು ಮುಂಚಿನ ಹಂತದಲ್ಲಿ) ಎಲ್ಲರೂ ಕೈಕಟ್ಟಿ ಕೂರಬೇಕೆಂದು ಅರ್ಥವಲ್ಲ. ಮೇಲಿನ ಲೆಕ್ಕ ಕಾಲ್ ಮಾಡುವವರನ್ನು ಕಟ್ಟಿಹಾಕುವಷ್ಟು ಮೊದಲು ನುಗ್ಗುವವರನ್ನು ಕಟ್ಟಿಹಾಕುವುದಿಲ್ಲ, ಏಕೆಂದರೆ ನುಗ್ಗಿದವರಿಗೆ ಎದುರಿನವರು ಬಿಡುವ ಸಾಧ್ಯತೆಯೊಂದು ಉಳಿದಿರುತ್ತದೆ, ಕಾಲ್ ಮಾಡಿದವರಿಗೆ ಅದಿಲ್ಲ. ಹಾಗಾಗಿ ಬಬಲ್‌ನಲ್ಲಿ ನಿಮ್ಮ ಹಿಂದೆ ಕುಳಿತವರು ಯಾರು ಎಂಬುದು ನಿಮ್ಮ ಎಲೆಗಿಂತ ಹೆಚ್ಚು ಮುಖ್ಯವಾಗುತ್ತದೆ. ಮಧ್ಯಮ ಸ್ಟ್ಯಾಕಿನವರು, ಅಂದರೆ ತಮಗಿಂತ ಚಿಕ್ಕವರು ಹೊರಬೀಳಲಿ ಎಂದು ಕಾಯುತ್ತಿರುವವರು, ಅತಿ ಹೆಚ್ಚು ಅಂಜುತ್ತಾರೆ. ಅವರ ಮೇಲೆ ನುಗ್ಗಬಹುದು. ಎಲ್ಲರಿಗಿಂತ ದೊಡ್ಡ ಸ್ಟ್ಯಾಕಿನವರಿಗೆ ನಿಮ್ಮ ಹನ್ನೆರಡು ಬಿಬಿ ಸೋತರೂ ಹೆಚ್ಚೇನೂ ಆಗದು, ಅವರು ಧಾರಾಳವಾಗಿ ಕಾಲ್ ಮಾಡುತ್ತಾರೆ. ಎರಡು ಮೂರು ಬಿಬಿ ಉಳಿದವರು ನಿಮ್ಮ ಹಿಂದಿದ್ದರೆ ಅವರು ಹತಾಶರು, ಏನು ಬಂದರೂ ಕಾಲ್ ಮಾಡಿಯಾರು.

"ಕಾಯುವುದೆಂದರೆ ಖರ್ಚು" ಎಂಬ ವಾದಕ್ಕೂ ಇಲ್ಲೊಂದು ತಿದ್ದುಪಡಿ ಬೇಕು. ನಿಮಗಿಂತ ಚಿಕ್ಕ ಸ್ಟ್ಯಾಕಿನವರು ಇಬ್ಬರು ಮೂವರಿದ್ದು, ಅವರ ಮೇಲೆ ಬಿಗ್ ಬ್ಲೈಂಡ್ ಬರುವುದರಲ್ಲಿದ್ದರೆ, ನೀವು ಎಲೆ ಬಿಟ್ಟು ಕುಳಿತ ಪ್ರತಿ ಕೈಯಲ್ಲಿಯೂ ಅವರಲ್ಲೊಬ್ಬರು ಹೊರಬಿದ್ದು ನಿಮಗೆ ಬಹುಮಾನ ತಂದುಕೊಡುವ ಸಾಧ್ಯತೆಯಿರುತ್ತದೆ. ಆಗ ಅರ್ಧ ಬಿಬಿ ಲಾಭದ ಆಲ್-ಇನ್‌ಗಳನ್ನು ನಾನು ಸಂತೋಷದಿಂದ ಬಿಡುತ್ತೇನೆ. ಎಲ್ಲರಿಗಿಂತ ಚಿಕ್ಕವರು ನೀವೇ ಆಗಿದ್ದರೆ ಈ ಅನುಕೂಲ ನಿಮಗಿಲ್ಲ. ಆಗ ಲೆಕ್ಕದ_ಎಲೆ ಅವರ ಮಾತಿಗೇ ಮರಳಬೇಕು.

ಹಳೆಯ_ಕಟ್ಟು

ಸ್ಟ್ಯಾಕನ್ನು ಬಿಬಿಯಲ್ಲಿ ಅಳೆಯುವ ಬದಲು, ಒಂದು ಸುತ್ತಿಗೆ ತಗಲುವ ಒಟ್ಟು ಖರ್ಚಿನಿಂದ ಭಾಗಿಸಿ ನೋಡುವ ರೂಢಿಯೊಂದಿದೆ. ಬ್ಯಾಕ್‌ಗ್ಯಾಮನ್ ಮತ್ತು ಪೋಕರ್ ಎರಡರಲ್ಲಿಯೂ ಹೆಸರು ಮಾಡಿದ್ದ ಪಾಲ್ ಮ್ಯಾಗ್ರಿಯಲ್ ಅವರ ಹೆಸರಿನ ಮೊದಲಕ್ಷರದಿಂದ ಆ ಸಂಖ್ಯೆಯನ್ನು "ಎಂ" ಎನ್ನುತ್ತಾರೆ. ನಿಮ್ಮ 24,000ವನ್ನು 5,000ದಿಂದ ಭಾಗಿಸಿದರೆ 4.8: ಏನನ್ನೂ ಆಡದೆ ಕುಳಿತರೆ ಐದು ಸುತ್ತು ಕೂಡ ತುಂಬುವುದಿಲ್ಲ. ಆ್ಯಂಟಿ ಇಲ್ಲದ ಹಂತದಲ್ಲಿ ಇದೇ ಹನ್ನೆರಡು ಬಿಬಿಗೆ ಎಂಟು ಸುತ್ತು ಆಯುಷ್ಯವಿರುತ್ತಿತ್ತು. ಆರು ಜನರ ಮೇಜಾದರೆ ಸುತ್ತು ಬೇಗ ಮುಗಿಯುವುದರಿಂದ ಇನ್ನೂ ಅವಸರ. ಬಿಬಿಯ ಲೆಕ್ಕ ಇದಾವುದನ್ನೂ ಹೇಳುವುದಿಲ್ಲ.

ಕಾಯುವವರು ಹೆಚ್ಚಾಗಿ ಜ್ಯಾಕ್ ಸ್ಟ್ರಾಸ್ ಅವರ ಕಥೆಯನ್ನು ಎತ್ತಿಕೊಳ್ಳುತ್ತಾರೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 1982ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಸ್ಪರ್ಧೆಯಲ್ಲಿ ಅವರು ಎಲ್ಲವನ್ನೂ ಸೋತೆನೆಂದು ಏಳುವಾಗ ಒಂದೇ ಒಂದು 500ರ ಚಿಪ್ ಉಳಿದಿರುವುದು ಕಂಡಿತು, ಬಾಯಿಬಿಟ್ಟು ಆಲ್-ಇನ್ ಎಂದು ಹೇಳಿರದ ಕಾರಣ ಆ ಚಿಪ್ ಅವರದೇ ಆಗಿ ಉಳಿಯಿತು, ಅದರಿಂದಲೇ ಮೇಲೆದ್ದು 104 ಸ್ಪರ್ಧಿಗಳ ಆ ಟೂರ್ನಮೆಂಟನ್ನು ಗೆದ್ದು 5,20,000 ಡಾಲರ್ ಪಡೆದರು ಎಂಬುದು ಪ್ರಸಿದ್ಧ ವೃತ್ತಾಂತ. "ಒಂದು ಚಿಪ್, ಒಂದು ಕುರ್ಚಿ" ಎಂಬ ಮಾತಿಗೆ ಇದನ್ನೇ ಸಾಕ್ಷಿಯಾಗಿ ಹೇಳುತ್ತಾರೆ. ಆ ಕಥೆ ಇಷ್ಟು ವರ್ಷ ಬಾಳಿರುವುದೇ ಅಂಥದ್ದು ನಡೆಯುವುದು ಅಪರೂಪವೆಂಬ ಕಾರಣಕ್ಕೆ. ಒಂದು ಚಿಪ್‌ನವರೆಗೆ ಇಳಿಯುವುದಕ್ಕೆ ಅದರಲ್ಲಿ ಸಮರ್ಥನೆ ಹುಡುಕಬಾರದು.

ಅಂಚಿನ_ಆಸನ

ಮೂವರಿಗೂ ಧನ್ಯವಾದಗಳು. ಮೊದಲು ನುಗ್ಗುವವರಿಗೂ ಕಾಲ್ ಮಾಡುವವರಿಗೂ ಇರುವ ವ್ಯತ್ಯಾಸ ಈಗ ಸ್ಪಷ್ಟವಾಯಿತು. ಇದರ ಬೆನ್ನಿಗೇ ಹುಟ್ಟುವ ಇನ್ನೊಂದು ಪ್ರಶ್ನೆಯಿದೆ. ನನಗಿಂತ ಮೊದಲೇ ಒಬ್ಬರು ರೈಸ್ ಮಾಡಿದ್ದರೆ ಏನು ಮಾಡಬೇಕು? ಬ್ಲೈಂಡುಗಳು ಅವೇ ಇರಲಿ, ನಾನು ಬಟನ್‌ನಲ್ಲಿದ್ದೇನೆ, ನನ್ನ ಬಳಿ 36,000 ಅಂದರೆ ಹದಿನೆಂಟು ಬಿಬಿ ಇದೆ, ಕೈಯಲ್ಲಿ ಏಳರ ಜೋಡಿ. ಕಟಾಫ್‌ನವರು 4,400ಕ್ಕೆ ರೈಸ್ ಮಾಡಿದ್ದಾರೆ, ಅವರ ಬಳಿ ನನಗಿಂತ ಹೆಚ್ಚು ಚಿಪ್‌ಗಳಿವೆ. ಬರೀ ಕಾಲ್ ಮಾಡಿ ಫ್ಲಾಪ್‌ನಲ್ಲಿ (ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆಯುವ ಐದು ಎಲೆಗಳಲ್ಲಿ ಮೊದಲ ಮೂರರಲ್ಲಿ) ಮೂರನೆಯ ಏಳು ಬರುವುದೇ ಎಂದು ನೋಡುವುದರಲ್ಲಿ ತಪ್ಪೇನಿದೆ?

ಲೆಕ್ಕದ_ಎಲೆ

ಕಾಲ್ ಮಾಡುವುದು ಇಲ್ಲಿ ಮೂರು ದಾರಿಗಳಲ್ಲಿ ಅತಿ ದುರ್ಬಲವಾದದ್ದು ಎಂದು ನಾನು ಭಾವಿಸುತ್ತೇನೆ. ಜೋಡಿ ಹಿಡಿದವರಿಗೆ ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಉಳಿದ ಏಳೂವರೆ ಸಲ ಹಾಕಿದ 2.2 ಬಿಬಿಯನ್ನು ಬಿಟ್ಟುಕೊಟ್ಟರೆ ಹೋಗುವುದು ಹದಿನಾರೂವರೆ ಬಿಬಿ. ನಿಮ್ಮ ಬಳಿ ಒಟ್ಟು ಇರುವುದೇ ಹದಿನೆಂಟು. ಮೂರನೆಯ ಏಳು ಬಂದಾಗಲೆಲ್ಲ ಎದುರಿನವರು ತಮ್ಮ ಪಾಲಿನದನ್ನು ಪೂರ್ತಿಯಾಗಿ ಕೊಡುತ್ತಾರೆಂದು ನಂಬಿದರೆ ಮಾತ್ರ ಈ ವ್ಯಾಪಾರ ಹೊಂದುತ್ತದೆ. ದೊಡ್ಡ ಸ್ಟ್ಯಾಕುಗಳ ನಡುವೆ ಚೆನ್ನಾಗಿ ನಡೆಯುವ ಈ ಆಟ ಹದಿನೆಂಟು ಬಿಬಿಗೆ ಒಗ್ಗುವುದಿಲ್ಲ.

ಆಲ್-ಇನ್ ಹೋಗುವುದೋ ಬಿಡುವುದೋ ಎಂಬುದು ರೈಸ್ ಮಾಡಿದವರು ಎಂಥವರು ಎಂಬುದರ ಮೇಲೆ ನಿಂತಿದೆ. ಮೇಜಿನ ಮೇಲೆ ಈಗಾಗಲೇ 4.7 ಬಿಬಿ ಇದೆ. ಅದು ನಿಮ್ಮ ಸ್ಟ್ಯಾಕಿನ ಕಾಲು ಭಾಗಕ್ಕಿಂತ ಹೆಚ್ಚು. ನಿಮ್ಮ ಆಲ್-ಇನ್‌ಗೆ ಅವರು ಎಂಟರ ಜೋಡಿಯಿಂದ ಮೇಲಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಸೂಟಿನ ಎಕ್ಕ-ಗುಲಾಮ, ಇಷ್ಟಕ್ಕೆ ಕಾಲ್ ಮಾಡುತ್ತಾರೆಂದುಕೊಳ್ಳೋಣ. ಅದು 78 ಬಗೆಯ ಕೈಗಳಾಯಿತು. ಅವುಗಳೆದುರು ಏಳರ ಜೋಡಿ ನೂರಕ್ಕೆ 36 ಸಲ ಗೆಲ್ಲುತ್ತದೆ. ಕಾಲ್ ಬಂದಾಗ ಪಾಟ್ 38.5 ಬಿಬಿ, ನಿಮ್ಮ ಸರಾಸರಿ ನಷ್ಟ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಸಮಕ್ಕೆ ಬರಲು ಅವರು ನೂರಕ್ಕೆ 47 ಸಲ ಬಿಡಬೇಕು.

ಕಟಾಫ್‌ನಲ್ಲಿ ಕುಳಿತು ನಾಲ್ಕರಲ್ಲೊಂದು ಕೈಯನ್ನು ರೈಸ್ ಮಾಡುವವರು ಸುಮಾರು 330 ಬಗೆಯ ಕೈಗಳಿಂದ ರೈಸ್ ಮಾಡುತ್ತಿರುತ್ತಾರೆ, ಕಾಲ್ ಮಾಡುವುದು ಅವುಗಳಲ್ಲಿ 78ಕ್ಕೆ ಮಾತ್ರ. ಅಂದರೆ ನೂರಕ್ಕೆ 76 ಸಲ ಬಿಡುತ್ತಾರೆ. ಬ್ಲೈಂಡುಗಳಲ್ಲಿ ಕುಳಿತ ಇಬ್ಬರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟರೆ ನಿಮ್ಮ ಲಾಭ ಎರಡೂವರೆ ಬಿಬಿ. ಅವರಿಬ್ಬರಲ್ಲೊಬ್ಬರಿಗೆ ದೊಡ್ಡ ಎಲೆ ಬರುವ ಅಪಾಯವನ್ನು ಕಳೆದರೂ ಒಳ್ಳೆಯ ಲಾಭವೇ ಉಳಿಯುತ್ತದೆ. ಅದೇ ರೈಸ್ ಮೊದಲ ಸ್ಥಾನದಿಂದ, ನೂರಕ್ಕೆ ಎಂಟು ಕೈಗಳನ್ನು ಮಾತ್ರ ಆಡುವ ಬಿಗಿಯಾದ ಆಟಗಾರರಿಂದ ಬಂದರೆ, ಅವರ 106 ಬಗೆಗಳಲ್ಲಿ 78 ಕಾಲ್ ಮಾಡುವಂಥವೇ. ಬಿಡುವುದು ನೂರಕ್ಕೆ 26 ಸಲ ಮಾತ್ರ, ನಿಮ್ಮ ನಷ್ಟ ಹತ್ತಿರಹತ್ತಿರ ಎರಡು ಬಿಬಿ. ಎಲೆಯೂ ಅದೇ, ಸ್ಟ್ಯಾಕೂ ಅದೇ. ಒಂದೆಡೆ ಎರಡೂವರೆ ಲಾಭ, ಇನ್ನೊಂದೆಡೆ ಎರಡು ನಷ್ಟ. ಎದುರಾಳಿಗಳನ್ನು ಗಮನಿಸುವುದಕ್ಕೆ ನಿಮಗೆ ಸಿಗುವ ಸಮಯವೆಂದರೆ ನೀವು ಎಲೆ ಬಿಟ್ಟು ಕುಳಿತ ಕೈಗಳೇ, ಅವನ್ನು ಅದಕ್ಕೆ ಬಳಸಿಕೊಳ್ಳಿ.

ಹನ್ನೆರಡು ಬಿಬಿಗೆ ಇಳಿದ ಮೇಲೆ ಇದೇ ನಡೆಗೆ ಅಷ್ಟು ಹರಿತವಿರುವುದಿಲ್ಲ, ಏಕೆಂದರೆ 2.2 ಹಾಕಿದವರು ಇನ್ನು ಹತ್ತಕ್ಕಿಂತ ಕಡಿಮೆ ಸೇರಿಸಿದರೆ ಸಾಕಾಗುತ್ತದೆ, ಕಾಲ್ ಮಾಡುವ ಕೈಗಳು ಹೆಚ್ಚುತ್ತವೆ. ಬೇರೆಯವರ ರೈಸಿನ ಮೇಲೆ ಆಲ್-ಇನ್ ಹೋಗಲು ಹದಿನೈದರಿಂದ ಇಪ್ಪತ್ತೆರಡು ಬಿಬಿಯಷ್ಟು ಸ್ಟ್ಯಾಕ್ ಅತ್ಯಂತ ಸೂಕ್ತ.

ನಿಧಾನಿ

ಇದಕ್ಕೆ ಸೇರಿಸಬೇಕಾದದ್ದು ಒಂದೇ. ಬಹುಮಾನಕ್ಕೆ ಬದಲಾಗಿ ದೊಡ್ಡ ಟೂರ್ನಮೆಂಟಿನ ಪ್ರವೇಶವನ್ನು ಕೊಡುವ ಸ್ಯಾಟಲೈಟುಗಳಲ್ಲಿ ಮೇಲಿನ ಯಾವ ಅಂಕಿಯನ್ನೂ ಬಳಸಬೇಡಿ. ಅಲ್ಲಿ ಹತ್ತು ಪ್ರವೇಶಗಳಿದ್ದರೆ ಮೊದಲನೆಯವರಿಗೂ ಹತ್ತನೆಯವರಿಗೂ ಸಿಗುವುದು ಒಂದೇ, ಹೆಚ್ಚುವರಿ ಚಿಪ್‌ಗಳಿಗೆ ಬೆಲೆಯಿಲ್ಲ. ಹನ್ನೊಂದು ಜನ ಉಳಿದು, ನಿಮ್ಮ ಬಳಿ ಹನ್ನೆರಡು ಬಿಬಿ ಇದ್ದು, ಮೂವರ ಬಳಿ ಎರಡು ಮೂರು ಬಿಬಿ ಮಾತ್ರ ಉಳಿದಿದ್ದರೆ, ದೊಡ್ಡ ಸ್ಟ್ಯಾಕಿನವರು ನಿಮ್ಮೆದುರು ಆಲ್-ಇನ್ ಹೋದಾಗ ಎಕ್ಕದ ಜೋಡಿಯನ್ನೂ ಬಿಡುವುದು ಸರಿಯಾದ ಆಟ. ಅತ್ಯುತ್ತಮ ಎಲೆಯೂ ಐದಾರು ಸಲಕ್ಕೊಮ್ಮೆ ಸೋಲುತ್ತದೆ. ಸುಮ್ಮನೆ ಕುಳಿತರೆ ಆ ಮೂವರಲ್ಲಿ ಒಬ್ಬರೂ ಹೊರಬೀಳದೆ ನೀವೇ ಹೊರಬೀಳುವ ಸಾಧ್ಯತೆ ಅದಕ್ಕಿಂತ ಬಹಳ ಕಡಿಮೆ. ಪ್ರಶ್ನೆ ಕೇಳಿದವರ ಕಾಯುವ ಕ್ರಮ ನಿಜವಾಗಿ ಸಲ್ಲುವ ಜಾಗವಿದ್ದರೆ ಅದು ಇದು.

ಹಳೆಯ_ಕಟ್ಟು

ನಾಲ್ಕು ಬಿಬಿಗಿಂತ ಕೆಳಗೆ ಇಳಿದೇಬಿಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಎಷ್ಟೇ ಚೆನ್ನಾಗಿ ಆಡಿದರೂ ಒಂದು ಕೈ ಸೋತಾಗ ಅಲ್ಲಿಗೆ ಬಂದು ನಿಲ್ಲಬೇಕಾಗುತ್ತದೆ. ಮೂರು ಬಿಬಿ ಇದ್ದು ಮುಂದಿನ ಕೈಗೆ ಬಿಗ್ ಬ್ಲೈಂಡ್ ನಿಮ್ಮದಾಗುವುದಿದ್ದರೆ, ಬ್ಲೈಂಡು ಮತ್ತು ಆ್ಯಂಟಿ ಸೇರಿ ಎರಡು ಬಿಬಿ ಎಲೆ ನೋಡುವ ಮೊದಲೇ ಹೋಗುತ್ತದೆ. ಆದ್ದರಿಂದ ಅದಕ್ಕೆ ಹಿಂದಿನ ಕೈಯಲ್ಲಿಯೇ, ಬೇರೆ ಸಮಯದಲ್ಲಿ ಬಿಡುತ್ತಿದ್ದ ಎಕ್ಕಗಳು, ಸಣ್ಣ ಜೋಡಿಗಳು, ರಾಜ-ಗುಲಾಮದಂಥ ಎಲೆಗಳನ್ನು ಮುಂದಿಡಿ. ಬಿಗ್ ಬ್ಲೈಂಡಿನವರು ಯಾವ ಎಲೆಗಾದರೂ ಕಾಲ್ ಮಾಡುತ್ತಾರೆಂದೇ ತಿಳಿದು ಆಡಿ, ಅಂದರೆ ತೋರಿಸಿ ಗೆಲ್ಲುವ ಎಲೆಯನ್ನು ಆರಿಸಿ. ಒಂದೇ ಸೂಟಿನ ಆರು-ಏಳಿನ ಮೋಹ ಬೇಡ. ಚಿಪ್‌ಗಳು ಸಾಲದೆ ಬಂದಾಗ ಮೊದಲು ಬ್ಲೈಂಡಿಗೆ ಜಮೆಯಾಗುತ್ತದೆಯೋ ಆ್ಯಂಟಿಗೋ ಎಂಬುದು ಟೂರ್ನಮೆಂಟಿನಿಂದ ಟೂರ್ನಮೆಂಟಿಗೆ ಬದಲಾಗುತ್ತದೆ, ಅದನ್ನು ಮೇಲ್ವಿಚಾರಕರಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಬಿಗ್ ಬ್ಲೈಂಡಿನಲ್ಲಿ ನೀವೇ ಇದ್ದು, ಬಟನ್‌ನವರು ರೈಸ್ ಮಾಡಿ, ನಿಮ್ಮ ಆಲ್-ಇನ್‌ಗೆ ಅವರು ಖಂಡಿತ ಬಿಡುವುದಿಲ್ಲವೆನಿಸಿದಾಗ ಹಳಬರು ಬಳಸುವ ಉಪಾಯವೊಂದಿದೆ: ಈಗ ಕಾಲ್ ಮಾತ್ರ ಮಾಡಿ, ಫ್ಲಾಪ್ ಬಿದ್ದ ಕೂಡಲೇ, ಅದರಲ್ಲಿ ಏನೇ ಬಂದಿರಲಿ, ಉಳಿದದ್ದನ್ನು ಮೊದಲು ನೀವೇ ಮುಂದಿಡುವುದು. ಜೋಡಿಯಿಲ್ಲದ ಕೈಗೆ ಫ್ಲಾಪ್‌ನಲ್ಲಿ ಮೂರು ಸಲಕ್ಕೆ ಎರಡು ಸಲ ಜೋಡಿ ಕೂಡುವುದಿಲ್ಲ. ಐದು ಎಲೆಗಳನ್ನೂ ನೋಡಿದ್ದರೆ ನಿಮ್ಮನ್ನು ಸೋಲಿಸಬಹುದಾಗಿದ್ದ ಕೈಗಳನ್ನು ಅವರು ಅಲ್ಲಿ ಬಿಟ್ಟಾರು. ಇದಕ್ಕೆ ಫ್ಲಾಪ್‌ನ ಮೇಲೆ ಬೆದರಿಸುವಷ್ಟಾದರೂ ಚಿಪ್ ಕೈಯಲ್ಲಿ ಉಳಿದಿರಬೇಕು, ಇಲ್ಲದಿದ್ದರೆ ಅವರು ಅಲ್ಲಿಯೂ ಬಿಡುವುದಿಲ್ಲ.

ಕೊನೆಯದಾಗಿ ಒಂದು ನಿಯಮ. ಒಬ್ಬರು 5,000ಕ್ಕೆ ರೈಸ್ ಮಾಡಿದ್ದಾರೆ, ನಿಮ್ಮ ಬಳಿ 7,000 ಇದೆ ಎನ್ನಿ. ಪೂರ್ಣ ರೈಸ್ ಆಗಲು 8,000 ಬೇಕಿತ್ತು. ನಿಮ್ಮದು ಅದಕ್ಕಿಂತ ಕಡಿಮೆಯ ಆಲ್-ಇನ್ ಆದ್ದರಿಂದ, ನಡುವೆ ಬೇರೆ ಯಾರೂ ರೈಸ್ ಮಾಡದಿದ್ದರೆ, ಮೊದಲು ರೈಸ್ ಮಾಡಿದವರು ಮತ್ತೆ ರೈಸ್ ಮಾಡುವಂತಿಲ್ಲ. ಕಾಲ್ ಮಾಡಬೇಕು ಅಥವಾ ಬಿಡಬೇಕು. ಹಾಗಾಗಿ ನಡುವಿನವರು ಅಗ್ಗದ ಬೆಲೆಗೆ ಒಳಗೆ ಬಂದರೆ ಅವರನ್ನು ಹೊರಗಟ್ಟಿ ನಿಮ್ಮೊಬ್ಬರ ಎದುರೇ ಆಡಲು ಮೊದಲಿನವರಿಗೆ ದಾರಿಯಿರುವುದಿಲ್ಲ, ನೀವು ಇಬ್ಬರ ಎದುರು ಎಲೆ ತೋರಿಸಬೇಕಾಗುತ್ತದೆ. ಗೆದ್ದರೆ ಮೂರು ಪಟ್ಟು, ನಿಜ. ಆದರೆ ಸಣ್ಣ ಜೋಡಿಗಳಿಗೆ ಇಬ್ಬರ ಎದುರು ಗೆಲುವು ಬಹಳ ಇಳಿಯುವುದರಿಂದ, ನಾನು ಆ ಜಾಗದಲ್ಲಿ ಮೂರರ ಜೋಡಿಗಿಂತ ಎಕ್ಕ-ಹತ್ತನ್ನು ಮುಂದಿಡಲು ಇಷ್ಟಪಡುತ್ತೇನೆ.